ಮದ್ದಿಗೆ ಮಣಿಯದ ರೋಗಾಣುಗಳೂ ಗಣಕಯಂತ್ರವೂ

ರಕ್ತವನ್ನೋ ಮೂತ್ರವನ್ನೋ 'ಕಲ್ಚರ್' ಪರೀಕ್ಷೆಗೆ ಕೊಟ್ಟು ಎರಡು ಮೂರು ದಿನಗಳ ಮೇಲೆ ವರದಿ ಪಡೆದ ಅನುಭವ ವಾಚಕರಲ್ಲಿ ಹಲವರಿಗೆ ಇರಬಹುದು. ಮೇಲೆ ರೋಗಾಣುವಿನ ಹೆಸರು. ಕೆಳಗೆ ಆಂಟಿಬಯಾಟಿಕ್ ಔಷಧಗಳ ಸಾಲು. ಒಂದೊಂದರ ಮುಂದೆಯೂ 'ಎಸ್' ಅಥವಾ 'ಆರ್'. 'ಎಸ್' ಎಂದರೆ ರೋಗಾಣು ಆ ಮದ್ದಿಗೆ ಮಣಿಯುತ್ತದೆ, 'ಆರ್' ಎಂದರೆ ಮಣಿಯದು. ವೈದ್ಯರು ಔಷಧ ಬರೆದೊಡನೆ ವರದಿಯ ಕೆಲಸ ತೀರಿತೆಂದು ನಾವು ಭಾವಿಸುತ್ತೇವೆ.

ಒಂದೇ ವಾರ್ಡಿನ ನಾಲ್ವರಲ್ಲಿ ಎರಡು ವಾರಗಳೊಳಗೆ ಒಂದೇ ಬಗೆಯ ಪ್ರತಿರೋಧವುಳ್ಳ ಕ್ಲೆಬ್ಸಿಯೆಲ್ಲಾ ಕಾಣಿಸಿಕೊಂಡಿತೆನ್ನೋಣ. ಅದು ಒಬ್ಬರಿಂದೊಬ್ಬರಿಗೆ ಹಬ್ಬುತ್ತಿರಬಹುದು. ಆದರೆ ನಾಲ್ಕು ವರದಿಗಳು ನಾಲ್ಕು ಕಡತಗಳಲ್ಲಿ ಅಡಗಿದ್ದರೆ ಯಾರ ಕಣ್ಣಿಗೆ ಬಿದ್ದೀತು? ಇಲ್ಲಿಯೇ ಗಣಕಯಂತ್ರ ನೆರವಿಗೆ ಬರುವುದು. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವು 1989ರಿಂದ ಬೆಳೆಸಿಕೊಂಡು ಬಂದಿರುವ 'ಹೂನೆಟ್' ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದರೊಡನೆ 'ಸ್ಯಾಟ್‌ಸ್ಕ್ಯಾನ್' ಎಂಬ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಜೋಡಿಸಿದರೆ, ಆ ವಾರ್ಡಿನ ಎಂದಿನ ಲೆಕ್ಕಕ್ಕಿಂತ ಇಂದಿನದು ಮೀರಿದೆಯೇ ಎಂಬುದು ತಿಳಿಯುತ್ತದೆ.

ಒಂಟಿ ವರದಿಯೂ ವಿಚಿತ್ರವಾಗಿರಬಹುದು. ಗಂಟಲುನೋವನ್ನು ತರುವ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್, ಇಷ್ಟು ದಶಕಗಳ ಬಳಕೆಯ ನಂತರವೂ, ಪೆನಿಸಿಲಿನ್ನಿಗೆ ಮಣಿಯುತ್ತಲೇ ಇದೆ. ಅದರ ಮುಂದೆ 'ಆರ್' ಎಂದು ಬಂದರೆ ಯಂತ್ರವು ಎಚ್ಚರಿಸುತ್ತದೆ. ಕ್ಲೆಬ್ಸಿಯೆಲ್ಲಾದ್ದು ಇದಕ್ಕೆ ತದ್ವಿರುದ್ಧ. ಆಂಪಿಸಿಲಿನ್ನಿಗೆ ಮಣಿಯದಿರುವುದು ಅದರ ಹುಟ್ಟುಗುಣ. ಅಲ್ಲಿ 'ಎಸ್' ಕಂಡರೆ ರೋಗಾಣುವನ್ನು ಗುರುತಿಸಿದ್ದೇ ತಪ್ಪಾಗಿರಬಹುದು, ಇಲ್ಲವೇ ಬರೆದವರ ಕೈತಪ್ಪಿರಬಹುದು. ಇಂಥ ತಪ್ಪನ್ನು ರೋಗಿಗೆ ಮದ್ದು ಕೊಡುವ ಮೊದಲೇ ಹಿಡಿಯುವುದು, ನನ್ನ ಅಭಿಪ್ರಾಯದಲ್ಲಿ, ಸಣ್ಣ ಉಪಕಾರವೇನಲ್ಲ.

ಆದರೂ ವಿಚಿತ್ರವೆಲ್ಲ ತಪ್ಪೆಂದು ತಳ್ಳಿಹಾಕುವಂತಿಲ್ಲ. 2002ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡಯಾಲಿಸಿಸ್ ಪಡೆಯುತ್ತಿದ್ದ ರೋಗಿಯೊಬ್ಬರಲ್ಲಿ ವ್ಯಾಂಕೊಮೈಸಿನ್ನಿಗೂ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಕಂಡಿತು. ಅಲ್ಲಿಯವರೆಗೆ ಅಂಥದನ್ನು ಯಾರೂ ರೋಗಿಯಲ್ಲಿ ಕಂಡಿರಲಿಲ್ಲ. ಮರುಪರೀಕ್ಷೆಯಲ್ಲಿ ಅದು ನಿಜವೆಂದು ಸಿದ್ಧವಾಯಿತು. ರೋಗಿಯ ಸಂಪರ್ಕಕ್ಕೆ ಬಂದವರನ್ನೆಲ್ಲ ತಪಾಸಿಸಲಾಯಿತು. ಅದೃಷ್ಟವಶಾತ್ ಮತ್ತೊಬ್ಬರಿಗೆ ಹಬ್ಬಿರಲಿಲ್ಲ.

ಯಂತ್ರಕ್ಕೆ ತಿಳಿಯುವುದು ಅದಕ್ಕೆ ಉಣಿಸಿದ್ದಷ್ಟೇ. ಮಾದರಿಯ ಚೀಟಿಯಲ್ಲಿ ವಾರ್ಡಿನ ಹೆಸರು, ತಾರೀಖು ಬರೆಯದೆ ಬಿಟ್ಟರೆ ಲೆಕ್ಕವೇ ಕೆಡುತ್ತದೆ. ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ತಾನಾಗಿಯೇ ಸಿಕ್ಕುತ್ತದೆಂದು ನಂಬುವಂತೆಯೂ ಇಲ್ಲ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಚಿಕಿತ್ಸೆ ಪಡೆದ ವೃದ್ಧ ತಂದೆತಾಯಿಗಳನ್ನು ಮುಂಬಯಿಗೆ ಕರೆತಂದು ಇಲ್ಲಿ ದಾಖಲು ಮಾಡುವವರು ಊರಿನ ಕಲ್ಚರ್ ವರದಿಗಳನ್ನು ಜೊತೆಗೆ ತಂದು ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು.