ಗೇಮ್‌ನ ಕ್ಲೈಮ್ಯಾಕ್ಸ್ ಕೈಕೊಟ್ಟಿತೇ? ಅಭಿಮಾನಿಗಳೇ, ಮೊದಲು ನೀವು ಮಾತಾಡಿ!

ನೂರು ಗಂಟೆ ಆಡಿದ ಗೇಮ್ ಕೊನೆಯ ಹತ್ತು ನಿಮಿಷದಲ್ಲಿ ಕೈಕೊಟ್ಟಿತು. ಚಿಕ್ಕಬಳ್ಳಾಪುರದ ಹಾಸ್ಟೆಲ್ ರೂಮಿನಲ್ಲೋ ಗೌರಿಬಿದನೂರಿನ ರೈಲಿನಲ್ಲೋ ಕೂತು ‘ಇರಲಿ ಬಿಡು, ದೊಡ್ಡ ಕಂಪನಿಯವರು ಮಾಡಿದ್ದು’ ಅಂತ ಸುಮ್ಮನಾಗುತ್ತೀರಾ? ಆಗಬೇಡಿ. ಮೆಚ್ಚಿದ್ದನ್ನು ಸರಿಯಾಗಿ ಟೀಕಿಸುವುದು ಒಂದು ಸ್ಕಿಲ್. ಸ್ಕಿಲ್ ಅಂದಮೇಲೆ ಯಾರು ಬೇಕಾದರೂ ಕಲಿಯಬಹುದು.

1. ‘ನಾನ್ಯಾರು ಹೇಳೋಕೆ’ ಎನ್ನುವ ಚಟ ಬಿಡಿ.
ದುಡ್ಡು ಕೊಟ್ಟವರು ನೀವು, ನಿದ್ದೆಗೆಟ್ಟವರೂ ನೀವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೇ ಪರೀಕ್ಷೆಗೆ ಒಡ್ಡಲು ಸಮಿತಿ ಮಾಡಿದರು. ಅವರ ನೆಲದವರಿಗೆ ಒಂದು ಗೇಮ್‌ನ ಕ್ಲೈಮ್ಯಾಕ್ಸ್ ಪ್ರಶ್ನಿಸಲು ಸಂಕೋಚವೇ?

2. ಕೊನೆತನಕ ಆಡಿ, ಆಮೇಲೆ ಬಾಯಿ ತೆರೆಯಿರಿ.
ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬಿಡ್ ಹಾಕುವುದಿಲ್ಲ. ದಿನಾ ಬರುವವರ ಕಣ್ಣಿಗೇ ಕೆಟ್ಟ ಗೂಡು ಬೇಗ ಬೀಳುವುದು. ಅಭಿಮಾನಿಯ ಸ್ಥಾನವೂ ಅದೇ. ಯೂಟ್ಯೂಬ್‌ನಲ್ಲಿ ಬರೀ ಕ್ಲೈಮ್ಯಾಕ್ಸ್ ನೋಡಿ ಬೈಯುವವರ ಮಾತಿಗೆ ತೂಕವಿಲ್ಲ.

3. ದುಃಖದ ಅಂತ್ಯ ಬೇರೆ, ಕೆಟ್ಟ ಅಂತ್ಯ ಬೇರೆ.
2010ರ ‘ರೆಡ್ ಡೆಡ್ ರಿಡೆಂಪ್ಶನ್’ನಲ್ಲಿ ನಾಯಕ ಜಾನ್ ಮಾರ್ಸ್ಟನ್ ಸಾಯುತ್ತಾನೆ. (ಇಷ್ಟು ಹಳೇ ಗೇಮ್‌ಗೆ ಸ್ಪಾಯ್ಲರ್ ಅನ್ನಬೇಡಿ.) ಆಡಿದವರು ಕಣ್ಣೀರು ಹಾಕಿದರು, ಮೆಚ್ಚಿದರು ಕೂಡ. ಕಥೆ ಮೊದಲಿನಿಂದಲೂ ಅತ್ತ ಕಡೆಗೇ ನಡೆದಿತ್ತು. ನೋವಾಯಿತು ಎಂದು ದೂರಬೇಡಿ. ಕಥೆ ತಾನೇ ಹಾಕಿಕೊಂಡ ನಿಯಮ ಮುರಿದಿದ್ದರೆ ದೂರಿ.

4. ತಪ್ಪನ್ನು ಬೆರಳಿಟ್ಟು ತೋರಿಸಿ.
‘ಎಂಡಿಂಗ್ ವೇಸ್ಟ್’ ಎಂದರೆ ಯಾರಿಗೂ ಉಪಯೋಗವಿಲ್ಲ. 2008ರ ‘ಫಾಲ್‌ಔಟ್ 3’ ನೋಡಿ. ಕೊನೆಗೆ ಯಾರಾದರೂ ರೇಡಿಯೇಷನ್ ತುಂಬಿದ ಕೋಣೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ಚಾಲೂ ಮಾಡಬೇಕು. ಜೊತೆಗಿರುವ ಫಾಕ್ಸ್ ಎಂಬ ಮ್ಯೂಟಂಟ್‌ಗೆ ರೇಡಿಯೇಷನ್ ತಟ್ಟುವುದಿಲ್ಲ; ಆದರೂ ಇದು ನಿನ್ನ ಹಣೆಬರಹ ಎಂಬಂತೆ ಮಾತಾಡಿ ಜಾರಿಕೊಳ್ಳುತ್ತಾನೆ! ಅಭಿಮಾನಿಗಳು ಹಿಡಿದದ್ದು ಇದೇ ಎಳೆಯನ್ನು. 2009ರ ಮೇ ತಿಂಗಳಲ್ಲಿ ಬಂದ ‘ಬ್ರೋಕನ್ ಸ್ಟೀಲ್’ ಎಂಬ ಹೆಚ್ಚುವರಿ ಭಾಗದಲ್ಲಿ ಫಾಕ್ಸ್‌ನನ್ನೇ ಒಳಗೆ ಕಳಿಸಬಹುದಿತ್ತು, ಆಟವೂ ಮುಂದುವರಿಯಿತು. ಅದನ್ನೂ ದುಡ್ಡಿಗೇ ಮಾರಿದರು, ಆ ಮಾತು ಬೇರೆ.

5. ಸಿಟ್ಟಿಗೆ ತಲೆ ಜೋಡಿಸಿ.
ಇದಕ್ಕೆ ಪಾಠದಂತಿರುವುದು 2012ರ ಮಾರ್ಚ್‌ನಲ್ಲಿ ಬಂದ ‘ಮಾಸ್ ಎಫೆಕ್ಟ್ 3’. 2007ರಿಂದ ಮೂರು ಗೇಮ್‌ಗಳ ಉದ್ದಕ್ಕೂ ಆಟಗಾರರ ಪ್ರತಿ ನಿರ್ಧಾರಕ್ಕೂ ಬೆಲೆ ಇದೆ ಎಂದು ನಂಬಿಸಲಾಗಿತ್ತು. ಕೊನೆಗೆ ಸಿಕ್ಕಿದ್ದು ಮೂರು ಆಯ್ಕೆ. ಕೆಂಪು, ನೀಲಿ, ಹಸಿರು ಎಂದು ಬಣ್ಣ ಬೇರೆ, ದೃಶ್ಯ ಹೆಚ್ಚುಕಡಿಮೆ ಒಂದೇ. ಅಭಿಮಾನಿಗಳು ಏನು ಮಾಡಿದರು ಗೊತ್ತೇ? ಗೇಮ್ ಮಾಡಿದ ಬಯೋವೇರ್ ಕಂಪನಿಯ ಕೆನಡಾದ ಕಚೇರಿಗೆ ಅದೇ ಮೂರು ಬಣ್ಣದ ನೂರಾರು ಕಪ್‌ಕೇಕ್ ಕಳಿಸಿದರು. ರುಚಿ ಮಾತ್ರ ಎಲ್ಲದಕ್ಕೂ ಒಂದೇ! ಜೊತೆಗೆ, ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಮತ್ತು ಗೇಮ್ ಒದಗಿಸುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ ಸುಮಾರು 80,000 ಡಾಲರ್ ಕೂಡಿಸಿದರು. ಅದೇ ವರ್ಷದ ಜೂನ್‌ನಲ್ಲಿ ಬಯೋವೇರ್ ‘ಎಕ್ಸ್‌ಟೆಂಡೆಡ್ ಕಟ್’ ಅನ್ನು ಉಚಿತವಾಗಿ ಕೊಟ್ಟಿತು. ಅಂತ್ಯವನ್ನು ಪೂರ್ತಿ ಬದಲಿಸಲಿಲ್ಲ; ವಿವರ ಸೇರಿಸಿತು, ಮೂರನ್ನೂ ತಿರಸ್ಕರಿಸುವ ನಾಲ್ಕನೇ ದಾರಿ ಇಟ್ಟಿತು. ನನ್ನ ಪ್ರಕಾರ ಅಭಿಮಾನಿಗಳು ಗೆದ್ದದ್ದು ಅರ್ಧ. ಬಾಯಿ ಮುಚ್ಚಿಕೊಂಡಿದ್ದರೆ ಅದೂ ಸಿಗುತ್ತಿರಲಿಲ್ಲ.

6. ಮನುಷ್ಯರ ಮೇಲೆ ಬೀಳಬೇಡಿ.
2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರ ಕಥೆ ಹಿಡಿಸದ ಕೆಲವರು ಅಬಿ ಪಾತ್ರಕ್ಕೆ ದನಿ ಕೊಟ್ಟ ಲಾರಾ ಬೇಲಿಗೆ ಕೊಲೆ ಬೆದರಿಕೆ ಹಾಕಿದರು. ಕಥೆ ಬರೆದವರು ಬೇರೆ, ಪೆಟ್ಟು ತಿಂದವರು ಬೇರೆ. ಇದಕ್ಕೆ ಟೀಕೆ ಎಂಬ ಹೆಸರು ಸಲ್ಲದು, ಪುಂಡಾಟ.

7. ಟೀಕೆಯನ್ನು ಕೆಲಸಕ್ಕೆ ಹಚ್ಚಿ.
ಬೆಂಗಳೂರು ದೂರವಿಲ್ಲ. 1997ರಲ್ಲಿ ಅಲ್ಲಿ ಶುರುವಾದ ಗೇಮ್ ಸ್ಟುಡಿಯೋ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನು 2019ರಲ್ಲಿ ಕೊಂಡದ್ದು ರಾಕ್‌ಸ್ಟಾರ್, ‘ರೆಡ್ ಡೆಡ್’ ಮಾಡಿದ ಅದೇ ಕಂಪನಿ. ಗೇಮ್ ಟೆಸ್ಟಿಂಗ್ ಇರಲಿ, ಲೆವೆಲ್ ಡಿಸೈನ್ ಇರಲಿ, ಎಲ್ಲಿ ಎಡವಿದೆ, ಏಕೆ ಎಡವಿದೆ, ಹೇಗೆ ಸರಿಮಾಡಬಹುದು ಎಂದು ಚುಟುಕಾಗಿ ಬರೆಯಬಲ್ಲವರು ಬೇಕು. ಆ ಅಭ್ಯಾಸ ಚಿಂತಾಮಣಿಯ ನಿಮ್ಮ ಮನೆಯಲ್ಲೇ ಶುರುವಾಗಲಿ.

ನಿಮಗೆ ನಿರಾಸೆ ಮಾಡಿದ ಒಂದು ಫೇವರಿಟ್ ಗೇಮ್ ಆರಿಸಿಕೊಳ್ಳಿ. ಒಂದೇ ಪುಟ ಬರೆಯಿರಿ. ಭಾನುವಾರದೊಳಗೆ ಆ ಗೇಮ್ ಮಾಡಿದ ಸ್ಟುಡಿಯೋಗೆ ಮೇಲ್ ಮಾಡಿ.