ಗಣಕಗಳ ನಡುವಣ ಅಂಚೆಮನೆ

ಒಂದು ಕಾಲೇಜಿನಲ್ಲಿ ಶುಲ್ಕದ ಲೆಕ್ಕವನ್ನಿಡುವ ಗಣಕವೊಂದು, ಗ್ರಂಥಾಲಯದ ಲೆಕ್ಕವನ್ನಿಡುವ ಗಣಕವಿನ್ನೊಂದು ಇವೆಯೆಂದು ಊಹಿಸಿಕೊಳ್ಳೋಣ. ವಿದ್ಯಾರ್ಥಿಯು ಶುಲ್ಕವನ್ನು ತೆತ್ತೊಡನೆ ಆ ಸುದ್ದಿಯು ಗ್ರಂಥಾಲಯಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ಹಣ ಕಟ್ಟಿಯೂ ಅವನಿಗೆ ಪುಸ್ತಕ ದೊರೆಯದು. ಸುದ್ದಿ ಹೊರಟ ಗಳಿಗೆಯಲ್ಲಿ ಗ್ರಂಥಾಲಯದ ಗಣಕವು ನಿಂತುಹೋಗಿದ್ದರೆ ಗತಿಯೇನು?

ಕಾಗದ ಬರೆದವನು ಅದನ್ನು ಅಂಚೆಗೆ ಹಾಕಿ ತನ್ನ ಕೆಲಸಕ್ಕೆ ತೆರಳುವನು. ಪಡೆಯುವವನು ಊರಿನಲ್ಲಿಲ್ಲದಿದ್ದರೂ ಅಂಚೆಮನೆಯು ಅದನ್ನು ಕಾದಿಡುವುದು. ಗಣಕಗಳ ನಡುವೆ ಈ ಕಾರ್ಯವನ್ನು ನಡೆಸುವ ತಂತ್ರಾಂಶಕ್ಕೆ ಸಂದೇಶದ ಬ್ರೋಕರ್ ಎಂದು ಹೆಸರು. ಇದರಿಂದ ಇನ್ನೊಂದು ಲಾಭವೂ ಉಂಟು. ಹತ್ತು ವ್ಯವಸ್ಥೆಗಳನ್ನು ಪರಸ್ಪರ ನೇರವಾಗಿ ಜೋಡಿಸಲು 45 ಸಂಪರ್ಕಗಳು ಬೇಕು. ನಡುವೆ ಬ್ರೋಕರ್ ಇದ್ದರೆ ಹತ್ತೇ ಸಾಕು.

ಆಕ್ಟಿವ್‌ಎಂಕ್ಯೂ ಎಂಬುದು ಇಂಥದೊಂದು ಬ್ರೋಕರ್. 2004ರಲ್ಲಿ ಆರಂಭವಾದ ಇದನ್ನು ಅಪಾಚೆ ಪ್ರತಿಷ್ಠಾನವು ಪೋಷಿಸುತ್ತಿದೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಬೇರೆ ಬೇರೆ ವ್ಯವಸ್ಥೆಗಳನ್ನು ಹೊಂದಿಸಿಕೊಡುವ ಕ್ಯಾಮೆಲ್ ಎಂಬ ತಂತ್ರಾಂಶದೊಡನೆ ಇದನ್ನು ಬಳಸುವ ವಾಡಿಕೆಯುಂಟು.

ಸ್ಥಾಪನೆಯ ಕ್ರಮವು ಸರಳವಾದುದು. ಇದು ಜಾವಾದಲ್ಲಿ ರಚಿತವಾದುದರಿಂದ ಮೊದಲು ಜಾವಾ ಇರತಕ್ಕದ್ದು. ಆರನೆಯ ಶ್ರೇಣಿಗೆ ಜಾವಾ 17 ಅಥವಾ ಅದಕ್ಕಿಂತ ಹೊಸದು ಬೇಕು. ಪಡೆದ ಕಟ್ಟನ್ನು ಬಿಚ್ಚಿ, 'ಬಿನ್' ಕೋಶದಲ್ಲಿನ 'ಆಕ್ಟಿವ್‌ಎಂಕ್ಯೂ ಸ್ಟಾರ್ಟ್' ಎಂಬ ಆಜ್ಞೆಯನ್ನು ಕೊಟ್ಟರೆ ಬ್ರೋಕರ್ ಎಚ್ಚರಗೊಳ್ಳುವುದು. ಸಂದೇಶಗಳು 61616 ಎಂಬ ದ್ವಾರದಿಂದ ಹೋಗಿಬರುವುವು. ದ್ವಾರಸಂಖ್ಯೆಗೆ 16 ಬಿಟ್‌ಗಳಷ್ಟೇ ಎಡೆಯಿರುವುದರಿಂದ ಅದು 65535ನ್ನು ಮೀರಲಾರದೆಂಬುದನ್ನು ಇಲ್ಲಿ ಗಮನಿಸಿರಿ. ಮೇಲ್ವಿಚಾರಣೆಯ ಪುಟವು 8161ರಲ್ಲಿ ತೆರೆಯುವುದು. ಬಳಿಕ ಕ್ಯಾಮೆಲಿಗೆ ಆಕ್ಟಿವ್‌ಎಂಕ್ಯೂ ಘಟಕವನ್ನು ಸೇರಿಸಿ, ಬ್ರೋಕರ್ ಇರುವ ಯಂತ್ರದ ಹೆಸರನ್ನೂ ದ್ವಾರಸಂಖ್ಯೆಯನ್ನೂ ತಿಳಿಸಬೇಕು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಮೇಲ್ವಿಚಾರಣೆಯ ಪುಟಕ್ಕೆ ಮೊದಲಿಗಿರುವ ಹೆಸರೂ ಗುಪ್ತಪದವೂ 'ಅಡ್ಮಿನ್' ಎಂಬುದೇ. ಇದನ್ನು ಲೋಕವೆಲ್ಲ ಬಲ್ಲುದು, ಕೂಡಲೆ ಬದಲಿಸಬೇಕು. ಆದರೆ ಅಷ್ಟರಿಂದ 61616ರ ಬಾಗಿಲು ಭದ್ರವಾಗದು. 2023ರಲ್ಲಿ ಬಯಲಾದ ದೋಷವೊಂದರಿಂದ, ಆ ದ್ವಾರವನ್ನು ತಲುಪಬಲ್ಲ ಹೊರಗಿನವನು ಬ್ರೋಕರ್ ಇರುವ ಯಂತ್ರದಲ್ಲಿ ತನ್ನ ಆಜ್ಞೆಗಳನ್ನು ನಡೆಸುವುದು ಸಾಧ್ಯವಾಗಿತ್ತು. 5.18.3ರಂತಹ ತಿದ್ದಿದ ಆವೃತ್ತಿಗಳು ಅದನ್ನು ನಿವಾರಿಸಿದುವು. ಆದುದರಿಂದ ಹೊಸ ಆವೃತ್ತಿಯನ್ನೇ ಸ್ಥಾಪಿಸುವುದೂ, ಆ ದ್ವಾರವನ್ನು ಒಳಜಾಲಕ್ಕೆ ಮಾತ್ರ ತೆರೆದಿಡುವುದೂ ಅವಶ್ಯ.

ಇನ್ನು ಸಂದೇಶದ ಕ್ಷೇಮವನ್ನು ವಿಚಾರಿಸೋಣ. ಪಡೆದವನು 'ಮುಟ್ಟಿತು' ಎಂದು ತಿಳಿಸುವವರೆಗೂ ಬ್ರೋಕರ್ ಸಂದೇಶವನ್ನು ಸರದಿಯಿಂದ ಅಳಿಸದು. ಆ ಒಪ್ಪಿಗೆಯೇ ದಾರಿಯಲ್ಲಿ ಕಳೆದುಹೋದರೆ? ಬ್ರೋಕರಿಗೆ ಅದು ತಿಳಿಯುವಂತಿಲ್ಲ. ಸಂದೇಶವನ್ನು ಮತ್ತೊಮ್ಮೆ ಕೊಡುವುದು. ಹೀಗೆ ಕಳೆಯದಂತೆ ಕಾಯುವ ವ್ಯವಸ್ಥೆಯಲ್ಲಿ ಒಂದೇ ಸಂದೇಶವು ಎರಡು ಸಲ ಬರುವ ಸಂಭವವಿದ್ದೇ ಇರುವುದು. 'ಐನೂರು ರೂಪಾಯಿ ಸೇರಿಸು' ಎಂಬ ಸಂದೇಶವು ಎರಡು ಸಲ ಬಂದರೆ ಲೆಕ್ಕ ತಪ್ಪುವುದು. 'ಇಂಥ ಸಂಖ್ಯೆಯ ರಸೀತಿಯ ಐನೂರು ರೂಪಾಯಿ' ಎಂದಿದ್ದರೆ, ಆ ಸಂಖ್ಯೆಯನ್ನು ಆಗಲೇ ಬರೆದುಕೊಂಡಿರುವ ಗಣಕವು ಎರಡನೆಯದನ್ನು ಕೈಬಿಡಬಹುದು. ಪಡೆದವನು ನಿರ್ವಹಿಸಲಾರದ ಸಂದೇಶವನ್ನು ಸಾಮಾನ್ಯವಾಗಿ ಆರು ಬಾರಿ ಮರಳಿ ಕೊಟ್ಟು ನೋಡಿ, ಬಳಿಕ ಪ್ರತ್ಯೇಕವಾದ ಸರದಿಗೆ ಸೇರಿಸುವರು. ಆ ಸರದಿಯನ್ನು ಆಗಾಗ್ಗೆ ಪರೀಕ್ಷಿಸುವವರು ಇರಬೇಕು. ವಿಳಾಸ ಸಿಗದ ಕಾಗದಗಳಂತೆ ಅಲ್ಲಿಯೂ ಯಾರದೋ ಅಗತ್ಯದ ಸುದ್ದಿಯಿರುವುದು.

ವಿದ್ಯಾರ್ಥಿಗಳು ಸ್ವತಃ ಮಾಡಿನೋಡಬಹುದಾದ ಪ್ರಯೋಗವೊಂದುಂಟು. ಮೇಲ್ವಿಚಾರಣೆಯ ಪುಟದಿಂದ ಒಂದು ಸರದಿಗೆ ಎರಡು ಸಂದೇಶಗಳನ್ನು ಕಳುಹಿಸಿರಿ. ಒಂದಕ್ಕೆ ಶಾಶ್ವತ ರವಾನೆಯ ಗುರುತನ್ನು ಹಾಕಿ, ಇನ್ನೊಂದಕ್ಕೆ ಹಾಕದಿರಿ. ಬ್ರೋಕರನ್ನು ನಿಲ್ಲಿಸಿ ಮತ್ತೆ ನಡೆಸಿರಿ. ಸರದಿಯಲ್ಲಿ ಒಂದೇ ಸಂದೇಶ ಉಳಿದಿರುವುದು. ಅದು ಡಿಸ್ಕಿನಲ್ಲಿ ಬರೆಯಲ್ಪಟ್ಟಿತ್ತು. ಇನ್ನೊಂದು ಬರೆಯಲ್ಪಡದೆ ನಷ್ಟವಾಯಿತು. ಯಾವ ಸುದ್ದಿ ಕಳೆದರೆ ಹಾನಿಯಿಲ್ಲ, ಯಾವುದು ಕಳೆಯಲೇಕೂಡದು ಎಂಬುದನ್ನು ಸ್ಥಾಪಿಸುವವನು ಮೊದಲೇ ನಿರ್ಧರಿಸಬೇಕು.