ಬಲಬದಿಯ ರಸ್ತೆಯಲ್ಲಿ ಎಡಬದಿಯ ಚಾಲಕ

ಸೊರಬದಿಂದ ಶಿರಾಳಕೊಪ್ಪಕ್ಕೆ ಕಾರು ನಡೆಸುತ್ತಿರುವವನಿಗೆ ತಿರುವಿನಲ್ಲಿ ಥಟ್ಟನೆ ಬಸ್ಸೊಂದು ಎದುರಾಯಿತೆನ್ನಿ. ಅವನು ಯೋಚಿಸುವ ಮೊದಲೇ ಕೈಗಳು ಕಾರನ್ನು ಎಡಕ್ಕೆ ಹೊರಳಿಸಿರುತ್ತವೆ. ಇಲ್ಲಿ ಅವನ ಪ್ರಾಣವನ್ನು ಕಾಯುವುದು ಈ ಅಭ್ಯಾಸವೇ. ಅವನೇ ಅಮೆರಿಕದಲ್ಲಿರುವ ಮಗಳನ್ನು ನೋಡಹೋಗಿ, ಅಲ್ಲಿ ಬಾಡಿಗೆಯ ಕಾರನ್ನು ನಡೆಸುವಾಗ ಇಂಥದೇ ಸಂದರ್ಭ ಒದಗಿದರೆ ಏನಾದೀತು? ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಎಡಕ್ಕೆ ಹೊರಳಿದ ಕಾರು ಎದುರು ವಾಹನದ ಹಾದಿಗೇ ಹೋಗಿ ಬೀಳುತ್ತದೆ.

ಪರದೇಶದಲ್ಲಿ ಕಾರು ನಡೆಸಲು ಮೊದಲು ಬೇಕಾದುದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ. 1949ರಲ್ಲಿ ಜಿನೀವದಲ್ಲಿ ಆದ ರಸ್ತೆ ಸಂಚಾರದ ಒಪ್ಪಂದವೇ ಇದಕ್ಕೆ ಆಧಾರ. ಭಾರತವೂ ಅಮೆರಿಕವೂ ಅದಕ್ಕೆ ಸೇರಿವೆ. ನಮ್ಮ ಸಾರಿಗೆ ಕಛೇರಿಯೇ ಇದನ್ನು ಕೊಡುತ್ತದೆ. ಇದರ ಅವಧಿ ಒಂದು ವರ್ಷ. ಊರಿನ ಮೂಲ ಪರವಾನಗಿಯೂ ಜೊತೆಗಿರಬೇಕು. ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಚಾಲಕನ ಹೆಸರಿನಲ್ಲಿರುವ ಕ್ರೆಡಿಟ್ ಕಾರ್ಡನ್ನೂ ಕೇಳುತ್ತಾರೆ. ಇತರರಿಗಾಗುವ ಹಾನಿಯ ವಿಮೆ ಬೇರೆ, ಬಾಡಿಗೆ ಕಾರಿಗಾಗುವ ಹಾನಿಯ ವಿಮೆ ಬೇರೆ. ಎರಡನ್ನೂ ತಿಳಿದ ಮೇಲೆಯೇ ರುಜು ಹಾಕಬೇಕು.

ಆದರೆ ಪರವಾನಗಿ ಕಡಲು ದಾಟಿದ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲ. ಅಮೆರಿಕದ ರಸ್ತೆ ನಮ್ಮ ರಸ್ತೆಯ ಕನ್ನಡಿಯ ಬಿಂಬದಂತಿದೆ. ಚಾಲಕನ ಆಸನ ಎಡಕ್ಕಿದೆ. ಗೇರು ಬಲಗೈಗೆ ಬರುತ್ತದೆ. ವೃತ್ತವನ್ನು ನಾವು ಪ್ರದಕ್ಷಿಣೆಯಾಗಿ ಸುತ್ತಿದರೆ ಅವರು ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ರಸ್ತೆ ದಾಟುವ ಪಾದಚಾರಿಯು ಮೊದಲು ಎಡಕ್ಕೆ ನೋಡಬೇಕು. ವಿಚಿತ್ರವೆಂದರೆ, ಕಾಲಿನ ಕೆಳಗಿನ ಪೆಡಲುಗಳು ಮಾತ್ರ ಬದಲಾಗುವುದಿಲ್ಲ. ಬ್ರೇಕು ಅಲ್ಲಿಯೂ ವೇಗವರ್ಧಕದ ಎಡಕ್ಕೇ ಇರುತ್ತದೆ. ಎರಡು ಪದ್ಧತಿಗಳಿಗೂ ಒಪ್ಪುವ ಸೂತ್ರವೊಂದುಂಟು: ಚಾಲಕನು ರಸ್ತೆಯ ನಡುಗೆರೆಯ ಕಡೆಗೆ, ಪಕ್ಕದ ಪ್ರಯಾಣಿಕನು ರಸ್ತೆಯ ಅಂಚಿನ ಕಡೆಗೆ ಇರಬೇಕು. ಸಂದೇಹ ಬಂದಾಗ ಇದನ್ನು ನೆನೆದರೆ ಸಾಕು.

ಇನ್ನು ವೇಗದ ವಿಷಯ. ಅಲ್ಲಿನ ಫಲಕಗಳಲ್ಲಿ 65 ಎಂದಿದ್ದರೆ ಅದು ಮೈಲಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 105 ಕಿಲೋಮೀಟರು, ಎಂದರೆ ಸೆಕೆಂಡಿಗೆ 29 ಮೀಟರು. ಅಪಾಯವನ್ನು ಕಂಡು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ ಕಾರು 29 ಮೀಟರು ಸಾಗಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣ ರಸ್ತೆಯಲ್ಲಿಯೂ, ಇನ್ನು 61 ಮೀಟರು ಬೇಕು. ಒಟ್ಟು 90 ಮೀಟರು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಇದೇ ಲೆಕ್ಕಕ್ಕೆ 28 ಮೀಟರು ಸಾಕು. ಬ್ರೇಕಿನ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಎಡವೋ ಬಲವೋ ಎಂದು ಇನ್ನೊಂದು ಸೆಕೆಂಡು ತಡವರಿಸಿದರೆ ಮತ್ತೆ 29 ಮೀಟರು ಕಳೆದುಹೋಗುತ್ತದೆ.

ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಎಡಬದಿಯಿಂದ ಬಲಬದಿಗೆ ಬದಲಾಯಿತು. ಅಪಘಾತಗಳು ಹೆಚ್ಚಾಗಬಹುದೆಂಬ ಭಯವಿತ್ತು; ಆದರೆ ಮೊದಮೊದಲು ಅವು ಕಡಿಮೆಯಾದವು! ವೇಗದ ಮಿತಿಯನ್ನು ಇಳಿಸಿದ್ದರು, ಎಲ್ಲರೂ ಎಚ್ಚರದಿಂದಿದ್ದರು. ರೂಢಿಯಾದಂತೆ ಅಪಘಾತಗಳು ಹಿಂದಿನ ಮಟ್ಟಕ್ಕೆ ಮರಳಿದವು. ಇದರಿಂದ ನಾವು ಕಲಿಯುವುದೇನು? ಹೊಸ ರಸ್ತೆಗಿಂತ, ಹೊಸತೆಂಬುದು ಮರೆತ ಗಳಿಗೆಯೇ ಹೆಚ್ಚು ಅಪಾಯಕರ. ವಾಹನಗಳಿಲ್ಲದ ಮುಂಜಾನೆಯ ರಸ್ತೆ, ಪೆಟ್ರೋಲು ತುಂಬಿಸಿ ಹೊರಟ ಕ್ಷಣ, ಎಡಕ್ಕೆ ತಿರುಗುವ ಕೂಡುರಸ್ತೆ: ದಾರಿ ತೋರಿಸಲು ಮುಂದೆ ಬೇರೆ ವಾಹನವಿಲ್ಲದ ಇಂಥ ಕಡೆಗಳಲ್ಲಿ ಹಳೆಯ ಅಭ್ಯಾಸ ತಲೆಯೆತ್ತುತ್ತದೆ.

ಆದುದರಿಂದ ವಿಮಾನದಿಂದ ಇಳಿದ ದಿನವೇ, ನಿದ್ರೆಗೆಟ್ಟ ಕಣ್ಣುಗಳಿಂದ, ಕಾರು ಹತ್ತಬಾರದು. ಮೊದಲ ಗಂಟೆಯನ್ನು ಜನರಿಲ್ಲದ ವಿಶಾಲವಾದ ಬಯಲಿನಲ್ಲಿ ಕಳೆಯಬೇಕು. ಪಕ್ಕದಲ್ಲಿ ಕುಳಿತವರು ಪ್ರತಿ ತಿರುವಿನಲ್ಲೂ "ಬಲಕ್ಕೇ ಇರು" ಎಂದು ನೆನಪಿಸುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಊರಿಗೆ ಮರಳಿದ ಮೇಲೆ ಕೆಲವು ದಿನ "ಎಡಕ್ಕೇ ಇರು" ಎಂದು ಹೇಳುವುದನ್ನೂ ಅವರು ಮರೆಯಬಾರದು.